ಅಕ್ಕ ಕೂತಿದ್ದಾಳೆ ಎಂಬ ದೂರು

"ನಮ್ಮಕ್ಕ ಕೂತಿದಾಳೆ, ಸ್ವಲ್ಪ ಬಂದು ನೋಡಿ," ಎಂದಳು ಲೋಲಾಕ್ಷಿ.

ನಾನು ಹಗ್ಗದ ಕಚೇರಿಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ದೂರು ಕೊಡಲು ಬರುವವರು ಸಾಮಾನ್ಯವಾಗಿ ಅಳುತ್ತಲೋ ಬಯ್ಯುತ್ತಲೋ ಬರುತ್ತಾರೆ. ಅಪ್ಪನ ಹಗ್ಗ ಸವೆದಿದೆ, ಅಜ್ಜಿಯ ಗಂಟನ್ನು ಬೆನ್ನ ಹಿಂದೆ ಹಾಕಿದ್ದಾರೆ, ಅತ್ತೆಯ ತಲೆ ಸೂರಿಗೆ ಬಡಿಯುವ ಹಾಗೆ ಹಗ್ಗ ಸಡಿಲ ಬಿಟ್ಟು ಮನೆಮಂದಿಯೆಲ್ಲ ಸಿನಿಮಾಕ್ಕೆ ಹೋಗಿದ್ದಾರೆ, ಇಂಥವು. ಯಾರೋ ಕೂತಿದ್ದಾರೆ ಎಂಬ ದೂರನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಕೂತಿದ್ರೆ ಒಳ್ಳೇದಲ್ವೇನೆ? ಬೀದಿಗೆಲ್ಲ ಸಕ್ಕರೆ ಹಂಚೋದು ಬಿಟ್ಟು ಇಲ್ಲಿಗೆ ಬಂದಿದೀಯಲ್ಲ," ಎಂದೆ.

ಅವಳು ನಗಲಿಲ್ಲ. "ನಾನು ಹೋದ್ರೆ ಕುರ್ಚಿಯಿಂದ ಒಂದು ಬೆರಳು ಮೇಲೆ ಏಳಲ್ಲ ಇಂದಮ್ಮ. ಮಾತು ಸಣ್ಣಗಾಗಿದೆ. ಗಿರಣಿ ನಡೆಸಿದೋಳು ನಮ್ಮಕ್ಕ, ಆ ಬೀದಿಯಲ್ಲಿ ಮಾತಾಡಿದ್ರೆ ಈ ಬೀದಿಗೆ ಕೇಳ್ತಿತ್ತು. ಈಗ ಕಿವಿ ಬಾಯಿ ಹತ್ರ ಹಿಡೀಬೇಕು. ಏನಾಯ್ತು ಅಂದ್ರೆ ನೆಲ ನೋಡ್ತಾಳೆ."

ಗಿರಣಿ ಕಮಲಾಕ್ಷಮ್ಮನನ್ನು ನಮ್ಮೂರಿನಲ್ಲಿ ಅರಿಯದವರಿಲ್ಲ. ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಗಿರಣಿ ನಿಂತ ಮೇಲೂ ಅದೇ ದನಿಯಲ್ಲಿ ಮಾತಾಡುತ್ತಿದ್ದ ಹೆಂಗಸು. ಗುಟ್ಟು ಹೇಳಲು ಹೋದರೂ ಊರಿಗೆ ಡಂಗುರ ಸಾರಿದಂತಾಗುತ್ತಿತ್ತು. ತಾಯಿಯಿಲ್ಲದ ತಂಗಿಯನ್ನು ಆಕೆಯೇ ಸಾಕಿದಳು. ಹಗುರಾದ ಮೇಲೆ ತಂಗಿಯ ಮನೆಯಲ್ಲೇ ಇದ್ದಳು. ಆದರೆ ಲೋಲಾಕ್ಷಿಗೆ ಮೊಣಕಾಲು ನೋವು ಶುರುವಾಯಿತು, ಅಕ್ಕನನ್ನು ಊಟಕ್ಕೆ ಕೆಳಗೆ ಎಳೆಯುವುದು, ಗಾಳಿಗೆ ಮೇಲೆ ಬಿಡುವುದು ಕೈಲಾಗದೆ, ಹಗುರಾದವರನ್ನು ನೋಡಿಕೊಳ್ಳುವ ಸ್ಥಿರನಿವಾಸಕ್ಕೆ ಸೇರಿಸಿದಳು.

"ಅಲ್ಲಿನವರನ್ನ ಕೇಳಿದ್ಯಾ?"

"ಕೇಳಿದೆ. ಎಲ್ಲರೂ ಇದಕ್ಕೇ ಹರಕೆ ಹೊರ್ತಾರೆ, ನೀವು ತಕರಾರು ಮಾಡ್ತೀರಲ್ಲ ಅಂದ್ರು. ಇಂದಮ್ಮ, ನಾನು ಹೇಳಿದೆ ಅಂತ ಅಲ್ಲಿ ಹೇಳ್ಬೇಡಿ. ನಾನು ಸಂಜೆಗೆ ಮನೆಗೆ ಬಂದ್ಬಿಡ್ತೀನಿ. ಅವಳು ಅಲ್ಲೇ ಇರಬೇಕಲ್ಲ."

ದೂರು ಕೊಡುವವರೆಲ್ಲ ಕೊನೆಗೆ ಹೇಳುವ ಮಾತು ಇದೇ. ಹೆಸರು ಹೇಳುವುದಿಲ್ಲ ಎಂದು ಅವಳ ಕೈ ಹಿಡಿದು ಹೇಳಿದೆ. ಆದರೂ ಮನಸ್ಸಿನಲ್ಲಿ ಇವಳಿಗೆ ಅರಳುಮರುಳು ಶುರುವಾಯಿತೇನೋ ಎಂದುಕೊಂಡೆ. ಊರೆಲ್ಲ ಹೊಗಳುವ ಮನೆ ಅದು.

ಬೇರೆ ಊರಿನಲ್ಲಿ ಹೆತ್ತವರು ಭಾರವಾದರು ಎಂದು ಮಕ್ಕಳು ಗೊಣಗುತ್ತಾರಂತೆ. ಅದನ್ನು ಕೇಳಿದರೆ ನಮಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಒಂದಲ್ಲ ಒಂದು ದಿನ ಚಪ್ಪಲಿ ನೆಲದಲ್ಲೇ ಉಳಿದು ಕಾಲು ಮಾತ್ರ ಏಳುತ್ತದೆ, ಇದನ್ನೇ ಹಗುರಾಗುವುದು ಎನ್ನುತ್ತೇವೆ. ಮನೆಯವರು ಬಂದು ಸೊಂಟದ ಎಡಗಡೆ ಹತ್ತಿಯ ಹಗ್ಗ ಕಟ್ಟುತ್ತಾರೆ, ಅಂದು ಪಾಯಸದ ಅಡುಗೆ. ಆಮೇಲೆ ಎಲ್ಲವೂ ಅದಕ್ಕೆ ತಕ್ಕ ಹಾಗೆ ನಡೆಯುತ್ತದೆ. ನಮ್ಮೂರಲ್ಲಿ ಫ್ಯಾನನ್ನು ಗೋಡೆಗೆ ಹಾಕುತ್ತಾರೆ, ಸೂರಿಗಲ್ಲ. ಕ್ಷೌರದವರು ಏಣಿ ಹೊತ್ತು ತಿರುಗುತ್ತಾರೆ. ಮದುವೆಯಲ್ಲಿ ಹಿರಿಯರ ಅಕ್ಷತೆ ಮೇಲಿನಿಂದಲೇ ಬೀಳುತ್ತದೆ, ವಧೂವರರು ಅವರ ಕಾಲಿಗೆ ಬೀಳುವ ಬದಲು ತುದಿಗಾಲಲ್ಲಿ ನಿಂತು ಪಾದ ಮುಟ್ಟುತ್ತಾರೆ. ಸಂಜೆ ಹೊತ್ತು ಅಂಗಳದಲ್ಲಿ ಹಗ್ಗ ಸಡಿಲಿಸಿ ಬಿಟ್ಟರೆ ಸೂರಿನ ಮೇಲಕ್ಕೆ ಏರಿ, ಪಕ್ಕದ ಮನೆಯ ಹಿರಿಯರ ಜೊತೆ ಮಾತಿಗೆ ಶುರುಮಾಡುತ್ತಾರೆ. ಕೆಳಗಿನ ಸೊಸೆಯಂದಿರ ಬಗ್ಗೆ ಅಲ್ಲಿ ಏನೇನು ನಡೆಯುತ್ತದೋ ಕೆಳಗೆ ಕೇಳಿಸುವುದಿಲ್ಲ, ಅದೇ ಪುಣ್ಯ.

ಕಾನೂನು ಒಂದೇ. ಗಂಟು ಕಟ್ಟಿಸಿಕೊಂಡವರ ಕೈಗೆ ಸಿಗಬೇಕು, ಒಂದು ಎಳೆತಕ್ಕೆ ಬಿಚ್ಚಬೇಕು. ಹೊತ್ತು ಬಂದಾಗ ಅವರೇ ಎಳೆದುಕೊಳ್ಳುತ್ತಾರೆ, ಮೇಲಕ್ಕೆ ಹೋಗುತ್ತಾರೆ, ತಿರುಗಿ ಬರುವುದಿಲ್ಲ. ಹೊತ್ತು ಬರುವ ಮುಂಚೆ ಯಾರ ಕೈಯೂ ಗಂಟಿನ ಕಡೆ ಏಳುವುದಿಲ್ಲ. ಬಂದದ್ದು ಹೇಗೆ ತಿಳಿಯುತ್ತದೆ ಎಂದು ಕೇಳಿದರೆ, ಹಸಿವಾದದ್ದು ನಿನಗೆ ಹೇಗೆ ತಿಳಿಯುತ್ತದೆ ಎಂದು ತಿರುಗಿ ಕೇಳುತ್ತಾರೆ. ಹಗುರಾದವರನ್ನು ನೋಡಿಕೊಳ್ಳುವ ಮನೆಗಳಲ್ಲಿ ಈ ಗಂಟುಗಳು ಸರಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ಗಂಟಿನ ಇಂದಮ್ಮ ಎಂದು ಹೆಸರೇ ಬಿದ್ದಿದೆ. ಇನ್ನೊಬ್ಬರ ಮನೆಯಲ್ಲಿ ಮೂಗು ತೂರಿಸುವುದಕ್ಕೆ ಊರಸಭೆಯೇ ಅಪ್ಪಣೆ ಕೊಟ್ಟಿರುವ ಹೆಂಗಸು ನಾನೊಬ್ಬಳೇ, ಆ ಭಾಗ್ಯವನ್ನು ನಾನೆಂದೂ ವ್ಯರ್ಥ ಮಾಡಿಲ್ಲ.

ಸ್ಥಿರನಿವಾಸಕ್ಕೆ ಹೇಳದೆ ಕೇಳದೆ ಹೋದೆ. ಹೇಳಿ ಹೋದರೆ ರಂಗೋಲಿ ಹಾಕಿರುತ್ತಾರೆ. ಆದರೆ ಅಲ್ಲಿ ರಂಗೋಲಿ ಮೊದಲೇ ಇತ್ತು. ನಡೆಸುವ ಮೃದುಲಾ ಬಾಗಿಲಿಗೆ ಬಂದು ಕೈಮುಗಿದಳು. ನಲವತ್ತರ ಆಸುಪಾಸಿನ, ಹೆಸರಿಗೆ ತಕ್ಕಂತೆ ಮೆಲ್ಲಗೆ ಮಾತಾಡುವ ಹೆಂಗಸು. "ಬನ್ನಿ ಇಂದಮ್ಮ, ನಿಮ್ಮ ದಾರಿನೇ ನೋಡ್ತಿದ್ವಿ. ಕಾಫಿ ಕುಡೀತೀರಾ, ಕಷಾಯಾನಾ?"

ಒಳಗಿನ ಹಜಾರಕ್ಕೆ ಕಾಲಿಟ್ಟವಳು ಅಲ್ಲೇ ನಿಂತೆ. ಕೇಳಿದ್ದೇ ಬೇರೆ, ಕಂಡದ್ದೇ ಬೇರೆ. ಉದ್ದಕ್ಕೂ ಬೆತ್ತದ ಕುರ್ಚಿಗಳು, ಅವುಗಳಲ್ಲಿ ಮುದುಕರು, ಮುದುಕಿಯರು. ಕೂತಿದ್ದರು. ಬೆನ್ನು ಕುರ್ಚಿಗೆ ತಾಗಿತ್ತು, ಪಾದ ನೆಲಕ್ಕೆ ತಾಗಿತ್ತು. ನನಗೆ ಲೆಕ್ಕ ಕಲಿಸಿದ ತುಂಗಪ್ಪ ಮೇಷ್ಟ್ರನ್ನು ನಾನು ವರ್ಷಗಳಿಂದ ಅಂಗಾಲಿನ ಕಡೆಯಿಂದಲೇ ನೋಡಿದ್ದೆ. ಈಗ ಅವರ ಮುಖ ನನ್ನ ಕಣ್ಣೆದುರೇ ಇತ್ತು, ಶಾಲೆಯಲ್ಲಿ ಮೇಜಿನ ಹಿಂದೆ ಕೂತಿದ್ದ ಹಾಗೆಯೇ. ಕಾಲ ಹಿಂದಕ್ಕೆ ಹೋಗಿದೆ ಎನ್ನಿಸಿತು. ಈ ಹೆಂಗಸು ಏನೋ ಪವಾಡ ಮಾಡಿದ್ದಾಳೆ, ಲೋಲಾಕ್ಷಿಗೆ ಬುದ್ಧಿ ಇಲ್ಲ ಎಂದುಕೊಂಡೆ.

"ಭಾರ ವಾಪಸ್ ಬರುತ್ತೆ ಇಂದಮ್ಮ," ಎಂದಳು ಮೃದುಲಾ. "ಒಳ್ಳೆ ಊಟ, ಒಳ್ಳೆ ನಿದ್ದೆ, ನೆಮ್ಮದಿ ಇದ್ರೆ ತಾನಾಗೇ ಬರುತ್ತೆ."

ನಾನು ಒಂದೊಂದೇ ಕುರ್ಚಿಯ ಬಳಿ ಹೋಗಿ ಗಂಟು ನೋಡಿದೆ. ಎಡಗಡೆ, ಮುಂದಕ್ಕೆ, ಕೈಗೆ ಸಿಗುವಂತೆ, ಒಂದೇ ಎಳೆತಕ್ಕೆ. ಬೆರಳು ತೋರಿಸಲು ಜಾಗವಿಲ್ಲ. ಇಷ್ಟು ಚಂದದ ಗಂಟುಗಳನ್ನು ನಾನು ಯಾವ ಮನೆಯಲ್ಲೂ ಕಂಡಿರಲಿಲ್ಲ. ಕಮಲಾಕ್ಷಮ್ಮನ ಗಂಟು ಹಿಡಿದು ಆಹಾ ಎನ್ನುವಷ್ಟರಲ್ಲಿ ನನಗೆ ಏನೋ ಚುಚ್ಚಿತು. ಲೋಲಾಕ್ಷಿ ಎಡಗೈಯವಳು. ಅವಳು ಹಾಕಿದ ಗಂಟಿನ ಸುತ್ತು ಎಡಕ್ಕೆ ತಿರುಗಬೇಕು. ಇದು ಬಲಕ್ಕೆ ತಿರುಗಿತ್ತು. ಮನೆಯವರು ಒಮ್ಮೆ ಕಟ್ಟಿದ ಗಂಟನ್ನು ನಮ್ಮೂರಿನಲ್ಲಿ ಮತ್ತೆ ಯಾರೂ ಮುಟ್ಟುವುದಿಲ್ಲ. ಹಗ್ಗ ಸವೆದರೂ ಗಂಟು ಉಳಿಸಿ ಪಕ್ಕದಲ್ಲಿ ಹೊಸ ಹಗ್ಗ ಹೊಸೆಯುತ್ತಾರೆ. ನಾನು ಹಿಂದಕ್ಕೆ ಹೋಗಿ ಮೊದಲಿನಿಂದ ಮತ್ತೆ ನೋಡಿದೆ. ಬೇರೆ ಬೇರೆ ಮನೆಯಿಂದ ಬಂದವರು, ಬೇರೆ ಬೇರೆ ಕೈ ಕಟ್ಟಿದ ಗಂಟು ಇರಬೇಕಿತ್ತು. ಮುಕ್ಕಾಲು ಪಾಲು ಒಂದೇ ಕೈಯ ಗಂಟುಗಳು.

"ಕಮಲಾಕ್ಷಮ್ಮ, ಹೇಗಿದೀರಿ?" ಎಂದೆ.

"ಚೆನ್ನಾಗಿ ನೋಡ್ಕೋತಾರೆ," ಎಂದಳು ಆಕೆ, ನನ್ನನ್ನಲ್ಲ, ನನ್ನ ಭುಜದ ಹಿಂದೆ ನಿಂತ ಮೃದುಲಾಳನ್ನು ನೋಡಿ. ದನಿ ನಿಜವಾಗಿಯೂ ಸಣ್ಣಗಿತ್ತು.

"ಮೃದುಲಾ, ಗಂಟು ನೋಡುವಾಗ ಮೂರನೆಯವರು ಇರಬಾರದು," ಎಂದೆ. ಹಾಗೆಂದು ನಿಯಮ ಇದೆ, ನಾನೇ ಸೋಮಾರಿತನಕ್ಕೆ ಅದನ್ನು ಬಿಟ್ಟುಬಿಟ್ಟಿದ್ದೆ. ಅವಳು ನಗುತ್ತಲೇ ಅಡುಗೆಮನೆಯ ಕಡೆ ಹೋದಳು. ನಾನು ಕಮಲಾಕ್ಷಮ್ಮನ ಮುಂದೆ ಮಣೆ ಹಾಕಿಕೊಂಡು ಕೂತೆ.

"ನಿಮ್ಮ ಗಂಟನ್ನ ಯಾರು ಬಿಚ್ಚಿದ್ದು?"

ಆಕೆ ನೆಲ ನೋಡಿದಳು. ನಾನು ಕಾದೆ. ಬಾಯಿ ಇರುವವಳು ನಾನು, ಸುಮ್ಮನೆ ಕೂರುವುದು ನನಗೆ ಶಿಕ್ಷೆ. ಆದರೂ ಕಾದೆ.

"ನಾನೇ ಎಳೆದೆ," ಎಂದಳು. "ಹೊತ್ತು ಬಂದಿತ್ತು. ಬೆಳಗ್ಗೆ ಎದ್ದಾಗಲೇ ಗೊತ್ತಾಯ್ತು. ಖುಷಿಯಾಗಿತ್ತು ಕಣೇ ಇಂದಮ್ಮ. ಎಳೆದೆ. ಹಗ್ಗ ಬಿತ್ತು. ನಾನು ಹೋಗಲಿಲ್ಲ."

ಅಂಥ ಸಂಗತಿಯನ್ನು ನಮ್ಮೂರಿನಲ್ಲಿ ಯಾರೂ ಕೇಳಿಲ್ಲ.

"ಇಲ್ಲೇ ಕೂತಿದ್ದೆ, ಕಲ್ಲಿನ ಹಾಗೆ. ಅಂದ್ರೆ ಮೇಲಿನೋರು ನನ್ನನ್ನ ಬೇಡ ಅಂದ್ರು. ಏನು ಪಾಪ ಮಾಡಿದೆ ಅಂತ ಅವತ್ತಿಂದ ಹುಡುಕ್ತಾನೇ ಇದೀನಿ. ತೂಕದಲ್ಲಿ ಮೋಸ ಮಾಡಿಲ್ಲ. ಯಾರ ಹಿಟ್ಟಿಗೂ ಕೈ ಹಾಕಿಲ್ಲ. ಲೋಲುಗೆ ಚಿಕ್ಕೋಳಿದ್ದಾಗ ಎರಡು ಏಟು ಹಾಕಿದ್ದೆ, ಅದಿರಬಹುದಾ? ಅವಳಿಗೆ ಹೇಳ್ಬೇಡ. ಪಾಪಿ ಅಕ್ಕನ ತಂಗಿ ಅಂತ ಅವಳಿಗೆ ಯಾಕೆ ಹೆಸರು."

ನನ್ನ ಕೈ ಸುಮ್ಮನೆ ಇರಲಾರದೆ ಆಕೆಯ ಸೀರೆಯ ಅಂಚು ಹಿಡಿದಿತ್ತು. ಕೆಳಗೆ ದಪ್ಪನೆಯ ಲಂಗ, ಕವದಿಯ ಹಾಗೆ ಪಟ್ಟಿ ಪಟ್ಟಿಯಾಗಿ ಹೊಲಿದದ್ದು. "ಇದೇನು?" ಎಂದೆ. "ಚಳಿಗೆ ಅಂತ ಎಲ್ಲರಿಗೂ ಕೊಟ್ಟಿದಾರೆ," ಎಂದಳು. ಹಿಸುಕಿ ನೋಡಿದೆ. ಒಳಗೆ ಹತ್ತಿ ಇರಲಿಲ್ಲ.

"ಸ್ನಾನಕ್ಕೆ ಇದನ್ನ ಬಿಚ್ತಾರಲ್ಲ, ಆಗ?"

"ಇಬ್ಬರು ಭುಜ ಹಿಡ್ಕೊಂಡಿರ್ತಾರೆ. ಭಾರ ವಾಪಸ್ ಬಂದಿದೆ, ಬೀಳ್ತೀರಾ ಅಂತ."

ರವಿಕೆಯ ತೋಳು ಸರಿಸಿದೆ. ಭುಜದ ಮೇಲೆ ಬೆರಳುಗಳ ಗುರುತು ನೀಲಿಗಟ್ಟಿತ್ತು, ಹಳೆಯದರ ಮೇಲೆ ಹೊಸದು. ಬೀಳದಂತೆ ಎತ್ತಿ ಹಿಡಿದರೆ ಬೆರಳ ಗುರುತು ಕಂಕುಳ ಕಡೆಯಿಂದ ಮೂಡುತ್ತದೆ. ಇವು ಮೇಲಿನಿಂದ ಒತ್ತಿದವು. ಹಗ್ಗ ಕತ್ತರಿಸುವ ನನ್ನ ಚಿಕ್ಕ ಕತ್ತರಿಯಿಂದ ಲಂಗದ ಒಂದು ಪಟ್ಟಿಯನ್ನು ಸೀಳಿದೆ. ಹೊಳೆಯ ಮರಳು ಸುರ್ರೆಂದು ಸುರಿದು ನೆಲದ ಮೇಲೆ ಗುಡ್ಡೆಯಾಯಿತು. ಇನ್ನೊಂದು ಪಟ್ಟಿ ಸೀಳಿದೆ. ಕಮಲಾಕ್ಷಮ್ಮನ ಹಿಮ್ಮಡಿ ನೆಲ ಬಿಟ್ಟು ಎದ್ದಿತು.

ಆಕೆ ತನ್ನ ಹಿಮ್ಮಡಿಯನ್ನು ನೋಡಿದಳು, ಮರಳನ್ನು ನೋಡಿದಳು, ಮತ್ತೆ ಹಿಮ್ಮಡಿ ನೋಡಿದಳು. ಆ ಮುಖದಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ, ಸಿಟ್ಟಲ್ಲ, ಅಳುವೂ ಅಲ್ಲ. ಜೈಲಿನ ಬಾಗಿಲು ತೆಗೆದವರನ್ನು ನೋಡುವ ಹಾಗೆ ಆಕೆ ಆ ಮರಳನ್ನು ನೋಡಿದಳು.

"ಹಾಗಾದ್ರೆ ನನ್ನನ್ನ ಬೇಡ ಅಂದಿರಲಿಲ್ಲ," ಎಂದಳು. ಆಮೇಲೆ, "ಪೂರ್ತಿ ಸೀಳಿಬಿಡು ಇಂದಮ್ಮ. ನಾನು ಹೋಗ್ತೀನಿ."

ನಾನು ಕತ್ತರಿ ಮುಚ್ಚಿದೆ. "ಈಗ ಹೋದ್ರೆ ದೂರು ನಿಲ್ಲಲ್ಲ ಕಮಲಾಕ್ಷಮ್ಮ," ಎಂದೆ. "ನೊಂದವರೇ ಸಭೆ ಮುಂದೆ ಬಾಯಿಬಿಟ್ಟು ಹೇಳಬೇಕು. ಹೋದವರ ದೂರು ಅವರ ಜೊತೆಗೇ ಹೋಗುತ್ತೆ. ಅವಳು ಚಳಿಗೆ ಲಂಗ ಅಂತಾಳೆ, ನಾನು ಮರಳು ಅಂತೀನಿ, ಅಲ್ಲಿಗೆ ಮುಗೀತು. ಇವರೆಲ್ಲ ಹೀಗೇ ಕೂತಿರ್ತಾರೆ."

ಆಕೆ ಸಾಲಿನ ಕಡೆ ನೋಡಿದಳು. ಎಷ್ಟೋ ದಿನಗಳಿಂದ ಪಕ್ಕದಲ್ಲೇ ಕೂತಿದ್ದವರನ್ನು ಮೊದಲ ಸಲ ಕಂಡವಳ ಹಾಗೆ ನೋಡಿದಳು. "ಮೇಷ್ಟ್ರೇ," ಎಂದು ಕರೆದಳು, "ನೀವೂ ಎಳೆದಿದ್ರಾ?"

ತುಂಗಪ್ಪ ಮೇಷ್ಟ್ರು ಎರಡೂ ಕೈಗಳಿಂದ ಗಂಟನ್ನು ಮುಚ್ಚಿಕೊಂಡರು. ಲೆಕ್ಕ ತಪ್ಪಿದ ಮಕ್ಕಳ ಮುಂದೆ ಬೆತ್ತ ಆಡಿಸುತ್ತಿದ್ದ ಆ ಮನುಷ್ಯ ತಾನೇ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿ, ಹೌದು ಎಂದು ಆಡಿಸಿದರು. ಅವರ ಪಕ್ಕದಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅದರ ಆಚೆಯವರು ಗೋಡೆಯ ಕಡೆ ತಿರುಗಿದರು. ಆಗ ನನಗೆ ಅರ್ಥವಾಯಿತು. ಇವರಲ್ಲಿ ಎಷ್ಟೋ ಜನ ಎಳೆದಿದ್ದರು, ಕೂತೇ ಉಳಿದಿದ್ದರು, ತಾನೊಬ್ಬನೇ ಪಾಪಿ ಎಂದುಕೊಂಡು ಪಕ್ಕದ ಕುರ್ಚಿಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಈ ಮನೆಯ ನಿಶ್ಶಬ್ದವನ್ನು ನಾವು ಊರಿನವರು ನೆಮ್ಮದಿ ಎಂದು ಕರೆಯುತ್ತಿದ್ದೆವು.

"ಇರ್ತೀನಿ," ಎಂದಳು ಕಮಲಾಕ್ಷಮ್ಮ. "ಹೊತ್ತು ಬಂದ ಮೇಲೂ ಇರೋದು ಅಂದ್ರೆ ಊಟ ಆದ್ಮೇಲೂ ಎಂಜಲೆಲೆ ಮುಂದೆ ಕೂತ ಹಾಗೆ. ಆಗಲಿ. ಸಭೇನ ಕರೆಸು."

ನಾನು ಅಲ್ಲಿಂದ ಏಳಲಿಲ್ಲ. ನಾನು ಹೋಗಿ ಸಭೆ ಕರೆದುಕೊಂಡು ಬರುವಷ್ಟರಲ್ಲಿ ಮರಳು ಗುಡಿಸಿ ಹೋಗಿರುತ್ತದೆ, ಆಕೆಯನ್ನು ಎಲ್ಲಿ ಕೂಡಿಹಾಕುತ್ತಾರೋ ಯಾರು ಬಲ್ಲರು. ಕಿಟಕಿಯಿಂದ ಕೂಗಿ, ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನ ಕೈಯಲ್ಲಿ ಹೇಳಿ ಕಳಿಸಿದೆ, ಊರಸಭೆ ಇಲ್ಲಿಗೇ ಬರಬೇಕು ಎಂದು. ಮೃದುಲಾ ಕಾಫಿ ಹಿಡಿದು ಬಂದವಳು ನೆಲದ ಮೇಲಿನ ಮರಳು ನೋಡಿದಳು. ಲೋಟ ನನ್ನ ಕೈಗೆ ಕೊಟ್ಟು, ತಾನೂ ಒಂದು ಕುರ್ಚಿ ಎಳೆದುಕೊಂಡು ಕೂತಳು. "ಸಭೆಗೆ ನಾನೇ ಹೇಳ್ತೀನಿ ಬಿಡಿ," ಎಂದಳು. ಆ ಕಾಫಿ ನಾನು ಕುಡಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಸಭೆಯ ಯಜಮಾನ ಹಾಲಪ್ಪನವರು ಕಟ್ಟೆಯ ಮೇಲೆ ಕೂತರು. ಸುದ್ದಿ ತಿಳಿದ ಮನೆಯವರೆಲ್ಲ ಬಂದರು. ಲೋಲಾಕ್ಷಿ ಕುಂಟುತ್ತಾ ಬಂದು ಹಿಂದೆ ನಿಂತಳು. ಕುರ್ಚಿಗಳನ್ನು ಹೊರಕ್ಕೆ ತಂದು, ಹಿರಿಯರನ್ನು ಸಾಲಾಗಿ ಕೂರಿಸಿ, ಅವರವರ ಹಗ್ಗಗಳನ್ನು ಅಂಗಳದ ಗೂಟಗಳಿಗೆ ಕಟ್ಟಿದೆವು.

ಮೃದುಲಾ ಏನನ್ನೂ ಮುಚ್ಚಿಡಲಿಲ್ಲ, ಅದೇ ನನ್ನನ್ನು ಹೆದರಿಸಿತು. "ಮರಳು ಹೌದು. ನಾನೇ ಹೊಲಿಸಿದೆ," ಎಂದಳು. "ಯಾರನ್ನೂ ಹೊಡೆದಿಲ್ಲ, ಹಸಿವಿಗೆ ಬಿಟ್ಟಿಲ್ಲ. ಹೋದ ವರ್ಷ ಬಿರುಗಾಳಿಗೆ ಬೇರೆ ಮನೇಲಿ ಒಬ್ಬರ ಹಗ್ಗ ಹರಿದು, ಹೊತ್ತು ಬರೋ ಮುಂಚೆನೇ ಹಾರಿಹೋದ್ರು. ಆಗ ನೀವೆಲ್ಲ ಓಡಿಬಂದು ನಮ್ಮವರನ್ನ ಗಟ್ಟಿಯಾಗಿ ಹಿಡ್ಕೊಳ್ಳಮ್ಮ ಅಂದ್ರಿ. ಹಿಡ್ಕೊಂಡೆ. ಇಲ್ಲಿಗೆ ಬಂದು ಅಪ್ಪ ಕೂತಿದಾರೆ ಅಂತ ಅತ್ತಿದ್ದು ಯಾರು? ನೀವೇ. ಯಾಕೆ ಕೂತಿದಾರೆ ಅಂತ ಒಬ್ಬರಾದ್ರೂ ಕೇಳಿದ್ರಾ?"

ಬಟ್ಟೆ ಅಂಗಡಿಯ ಪ್ರಭಾಕರ ಮುಂದೆ ಬಂದ. ಅವನ ತಾಯಿ ಸಾಲಿನ ಕೊನೆಯಲ್ಲಿ ಕೂತಿದ್ದಳು. "ಯಜಮಾನ್ರೇ, ನಾನು ಸುಳ್ಳು ಹೇಳಲ್ಲ," ಎಂದ. "ತೇಲೋರಿಗೆ ಮಡಿಲು ಅನ್ನೋದು ಇರಲ್ಲ. ನಮ್ಮಮ್ಮ ಹಗುರಾದ ಮೇಲೆ ನನಗೆ ಅದು ತಪ್ಪಿಹೋಗಿತ್ತು. ಇಲ್ಲಿಗೆ ಬಂದ ಮೇಲೆ ಪ್ರತಿ ವಾರ ಬಂದು ಅವಳ ಮಡಿಲಲ್ಲಿ ತಲೆ ಇಡ್ತೀನಿ. ನನಗೆ ಐವತ್ತಾಯ್ತು. ಆ ಮರಳಿಂದ ಅವಳಿಗೆ ನೋವಾಗದಿದ್ರೆ, ಇರಲಿ ಬಿಡಿ ಅಂತೀನಿ."

ಎಷ್ಟೋ ಜನ ತಲೆಯಾಡಿಸಿದರು. ಕೆಲವರು ಕಣ್ಣು ಒರೆಸಿಕೊಂಡರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗಲಿಲ್ಲ. ಅಮ್ಮನ ಮಡಿಲು ಬೇಡ ಎನ್ನುವವರು ಯಾರಿದ್ದಾರೆ? ಹಾಲಪ್ಪನವರೂ ಗಡ್ಡ ನೀವುತ್ತಾ ಕೂತರು. ದೂರು ಅಲ್ಲಿಗೇ ಮುಳುಗಿತು ಎಂದುಕೊಂಡೆ.

"ನೊಂದವರ ಮಾತು ಆಗಲಿ," ಎಂದರು ಅವರು ಕೊನೆಗೆ.

ನಾನು ಕಮಲಾಕ್ಷಮ್ಮನ ಲಂಗದ ಲಾಡಿ ಬಿಚ್ಚಿದೆ. ಅದು ಧೊಪ್ಪೆಂದು ಕುರ್ಚಿಯ ಕೆಳಗೆ ಬಿತ್ತು. ಆಕೆ ಎದ್ದಳು. ಎದ್ದಳು ಎಂದರೆ ಕಾಲೂರಿ ಎದ್ದದ್ದಲ್ಲ. ಕೂತ ಭಂಗಿಯಲ್ಲೇ ಕುರ್ಚಿ ಬಿಟ್ಟು ಮೇಲಕ್ಕೆ ಹೋದಳು, ದಾರಿಯಲ್ಲಿ ಮಡಿಸಿದ್ದ ಕಾಲನ್ನು ನಿಧಾನವಾಗಿ ನೀಡಿದಳು, ನಮ್ಮ ತಲೆ ದಾಟಿ, ಸೂರು ದಾಟಿ, ಹಗ್ಗ ಬಿಗಿಯುವವರೆಗೆ ಏರಿ ನಿಂತಳು. ಹಗುರಾದವರನ್ನು ದಿನವೂ ನೋಡುವ ಜನ ನಾವು. ಆದರೂ ಅಂಗಳದವರೆಲ್ಲ ಕತ್ತೆತ್ತಿ ನಿಂತರು. ಸೀರೆಯ ಸೆರಗು ಬಿಚ್ಚಿಕೊಂಡು ಬಿಸಿಲಿಗೆ ಹರಡಿತು. ನಾನು ಹುಟ್ಟಿದ ದಿನದಿಂದ ಕಾಣುತ್ತಿದ್ದುದನ್ನು ಅಂದು ಮೊದಲ ಬಾರಿಗೆ ಕಂಡೆ, ಕೈ ತಾನಾಗಿ ಮುಗಿಯಿತು.

ಮೇಲಿನಿಂದ ಆಕೆಯ ದನಿ ಬಂತು. ಗಿರಣಿಯ ದನಿ. ಮೂರು ಬೀದಿಗೆ ಕೇಳಿಸಿರಬೇಕು.

"ನನ್ನನ್ನ ಯಾರೂ ಹೊಡೀಲಿಲ್ಲ, ಅದು ನಿಜ. ಹೊತ್ತಿಗೆ ಊಟ ಹಾಕಿದ್ರು, ಅದೂ ನಿಜ. ನಾನು ನನ್ನ ಗಂಟು ಎಳೆದೆ. ಹೋಗಲಿಲ್ಲ. ಮೃದುಲಾ, ಹಗ್ಗ ಮತ್ತೆ ಕಟ್ಟಿದ್ದು ನೀನೇ ಅಲ್ವಾ?"

"ಹೌದು," ಎಂದಳು ಮೃದುಲಾ. ಕತ್ತೆತ್ತಲಿಲ್ಲ.

"ಆಗ ನಾನು ಕೇಳಿದೆ, ಯಾಕಮ್ಮ ನಾನು ಹೋಗಲಿಲ್ಲ ಅಂತ. ನೀನು ಸುಮ್ಮನಿದ್ದೆ. ಮರಳು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಅವತ್ತಿಂದ ನನ್ನ ಬದುಕನ್ನೆಲ್ಲ ಜರಡಿ ಹಿಡಿದು ನೋಡಿದೆ, ಎಲ್ಲಿ ಕಲ್ಲು ಸಿಗುತ್ತೋ ಅಂತ. ಸಿಗದೇ ಇದ್ದಾಗ ನಾನೇ ಒಂದೊಂದು ಕಲ್ಲು ಮಾಡಿ ಹಾಕಿಕೊಂಡೆ. ನನ್ನ ತಂಗಿ ಮುಖ ನೋಡೋಕೆ ನಾಚಿಕೆ ಆಯ್ತು. ಪ್ರಭಾಕರ, ನಿಮ್ಮಮ್ಮನ ಮಡಿಲಲ್ಲಿ ತಲೆ ಇಟ್ಟೆಯಲ್ಲ, ಮುಖ ನೋಡಿದ್ಯಾ? ಅವಳನ್ನೂ ಕೇಳು, ಎಳೆದಿದಾಳಾ ಅಂತ."

ಪ್ರಭಾಕರ ತಾಯಿಯ ಮುಂದೆ ಮಂಡಿಯೂರಿದ. ಏನು ಕೇಳಿದನೋ ನಮಗೆ ಕೇಳಿಸಲಿಲ್ಲ. ಆ ಮುದುಕಿ ಮಗನ ಕೆನ್ನೆ ಮುಟ್ಟಿ ಏನೋ ಹೇಳಿದಳು. ಅವನು ಎದ್ದು ನನ್ನ ಹತ್ತಿರ ಬಂದು ಕತ್ತರಿಗೆ ಕೈ ಚಾಚಿದ.

ಹಾಲಪ್ಪನವರ ತೀರ್ಪು ಬಂದದ್ದು ಆಮೇಲೆ. ಮೃದುಲಾ ಇನ್ನು ಯಾರ ಹಗ್ಗವನ್ನೂ ಹಿಡಿಯಕೂಡದು, ಮನೆ ಊರಸಭೆಯ ಸುಪರ್ದಿಗೆ, ಗಂಟುಗಳನ್ನು ಮನೆಯವರೇ ಬಂದು ಹೊಸದಾಗಿ ಕಟ್ಟಬೇಕು. ಆದರೆ ಅದನ್ನು ಕೇಳುವವರು ಯಾರಿದ್ದರು? ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಕೂತಿದ್ದವರ ಸುತ್ತ ಸೇರಿ ಲಂಗ, ಪಂಚೆಯ ಒಳಪಟ್ಟಿ ಎಲ್ಲವನ್ನೂ ಸೀಳುತ್ತಿದ್ದರು. ಅಂಗಳದ ತುಂಬ ಮರಳು ಸುರಿಯುವ ಸದ್ದು. ಒಬ್ಬೊಬ್ಬರಾಗಿ ಎದ್ದರು. ತುಂಗಪ್ಪ ಮೇಷ್ಟ್ರು ಏರುತ್ತಾ ಏರುತ್ತಾ ಹುಡುಗರ ಹಾಗೆ ನಕ್ಕರು, ಅವರು ನಗುವುದನ್ನು ನಾನು ಶಾಲೆಯಲ್ಲೂ ಕಂಡಿರಲಿಲ್ಲ. ಹಿಂದೆ ಎಳೆದು ಉಳಿದಿದ್ದವರಲ್ಲಿ ಕೆಲವರು ತಮ್ಮವರನ್ನು ಒಮ್ಮೆ ನೋಡಿ, ಅಲ್ಲೇ ಎಳೆದುಕೊಂಡು ಹೋದರು. ಮಿಕ್ಕವರು ಹಗ್ಗದ ತುದಿಯಲ್ಲಿ ನಿಂತು, ಹೋಗುವವರಿಗೆ ಮೇಲಿನಿಂದಲೇ ಕೈಬೀಸಿದರು. ಅಳುವವರು ಅತ್ತರು, ಆದರೆ ಯಾರೂ ತಡೆಯಲಿಲ್ಲ.

ಲೋಲಾಕ್ಷಿ ಅಕ್ಕನ ಹಗ್ಗದ ಬುಡದಲ್ಲಿ ನಿಂತಿದ್ದಳು. ಅವಳ ಬಳಿ ಹೋದೆ.

"ಬೇರೆಯವರೆಲ್ಲ ಮಡಿಲಲ್ಲಿ ತಲೆ ಇಟ್ರಂತೆ," ಎಂದಳು. "ನಾನು ಇಡಲಿಲ್ಲ ಇಂದಮ್ಮ. ಆಸೆ ಇರಲಿಲ್ಲ ಅಂತಲ್ಲ. ಯಾರೋ ಹಿಡಿದು ಕೂರಿಸಿದ ಮಡಿಲು ಅನ್ನಿಸ್ತು."

ಮಾತು ಮೇಲಕ್ಕೆ ಕೇಳಿಸಿತೋ ಏನೋ. "ಲೋಲು, ಎಳಿ ನನ್ನ," ಎಂದು ಕಮಲಾಕ್ಷಮ್ಮ ಕೂಗಿದಳು.

ನಾವಿಬ್ಬರೂ ಸೇರಿ ಹಗ್ಗ ಎಳೆದೆವು. ಆಕೆ ಕಟ್ಟೆಯ ಮೇಲೆ ಬಂದು ಇಳಿದಳು, ಕಲ್ಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು ತನ್ನನ್ನು ತಾನೇ ಕೂರಿಸಿಕೊಂಡಳು. "ಈಗ ಇಡು," ಎಂದಳು ತಂಗಿಗೆ. "ಈಗ ನಾನೇ ಕೂತಿದೀನಿ."

ಅರವತ್ತರ ಹೆಂಗಸು ಲೋಲಾಕ್ಷಿ ಮೊಣಕಾಲಿನ ನೋವು ನುಂಗಿ ನೆಲದ ಮೇಲೆ ಕೂತು ಅಕ್ಕನ ಮಡಿಲಲ್ಲಿ ತಲೆ ಇಟ್ಟಳು. ಕಮಲಾಕ್ಷಮ್ಮ ಕಲ್ಲಿನ ಅಂಚಿನಿಂದ ಕೈ ತೆಗೆದಳು. ಏಳಲಿಲ್ಲ. ತಂಗಿಯ ತಲೆಯ ಭಾರ ಆಕೆಯನ್ನು ಕೂರಿಸಲು ಸಾಕಾಗಿತ್ತು. ಒಂದು ಕೈಯಿಂದ ಅವಳ ಕೂದಲು ನೇವರಿಸುತ್ತಾ, "ಎಣ್ಣೆ ಹಚ್ಚೋದು ಬಿಟ್ಟಿದೀಯಾ? ಕೂದಲು ನಾರಾಗಿದೆ," ಎಂದು ಬೈದಳು. ಇನ್ನೊಂದು ಕೈ ಸೊಂಟದ ಎಡಗಡೆಗೆ ಹೋಯಿತು. ಹಗ್ಗ ಜಾರಿ ಲೋಲಾಕ್ಷಿಯ ಕಣ್ಣೆದುರೇ ನೆಲಕ್ಕೆ ಬಿತ್ತು.

ಅಂಗಳದಲ್ಲಿದ್ದ ನಾವೆಲ್ಲ ಅದನ್ನು ಕಂಡೆವು, ಲೋಲಾಕ್ಷಿಯೂ ಕಂಡಳು. ಅವಳು ಅಲುಗಲಿಲ್ಲ, ಉಸಿರು ಕೂಡ ಹಿಡಿದಳು. ಇನ್ನು ಅಕ್ಕನನ್ನು ಈ ನೆಲಕ್ಕೆ ಹಿಡಿದಿದ್ದದ್ದು ಅವಳ ತಲೆ ಒಂದೇ. ಇಡೀ ದಿನ ಹಾಗೆಯೇ ಇದ್ದಿದ್ದರೂ ಯಾರೂ ಅವಳನ್ನು ಏನೂ ಅನ್ನುತ್ತಿರಲಿಲ್ಲ. ಕಮಲಾಕ್ಷಮ್ಮನೂ ಅವಸರ ಮಾಡಲಿಲ್ಲ. ಕೂದಲ ಸಿಕ್ಕು ಬಿಡಿಸುತ್ತಾ, ಗಿರಣಿಯ ಬಾಗಿಲಿಗೆ ಬಣ್ಣ ಹೊಡೆಸು, ಮೊಣಕಾಲಿಗೆ ಬಿಸಿನೀರು ಹಾಕಿಕೋ ಎಂದೆಲ್ಲ ಮೆಲ್ಲಗೆ ಹೇಳುತ್ತಾ ಹೋದಳು. ಸಿಕ್ಕುಗಳೆಲ್ಲ ಮುಗಿದವು. ಕೈ ನಿಂತಿತು.

ಲೋಲಾಕ್ಷಿ ಅಕ್ಕನ ಸೀರೆಯ ನೆರಿಗೆಯಲ್ಲಿ ಒಮ್ಮೆ ಮುಖ ಒತ್ತಿದಳು. ಆಮೇಲೆ ತಾನಾಗಿಯೇ ತಲೆ ಎತ್ತಿದಳು.